ಹೈಬ್ರಿಡ್ ಕಾರು: ಲಾಭ ಯಾರಿಗೆ, ಲೆಕ್ಕ ಯಾರದು?

ಹೈಬ್ರಿಡ್ ಕಾರಿಗೆ ಕೇಳುವ ಹೆಚ್ಚಿನ ಬೆಲೆ ಕೊಡತಕ್ಕದ್ದೇ, ಅಲ್ಲವೇ? ಈ ಪ್ರಶ್ನೆಯನ್ನು ಕಾರ್ಮಿಕರ ಪತ್ರಿಕೆ ಏಕೆ ಎತ್ತಿಕೊಳ್ಳಬೇಕೆಂದು ಕೆಲವರು ಕೇಳಿಯಾರು. ಹೋಟೆಲಿನಲ್ಲಿ ಬಡಿಸಿ ಪಗಾರ ಎಣಿಸುವವನಿಗೂ, ಗಿರಣಿಯ ಬಾಗಿಲು ಮುಚ್ಚಿದ ಮೇಲೆ ಸಿಕ್ಕ ಕೆಲಸಕ್ಕೆ ಕೈಹಾಕಿದವನಿಗೂ, ಹದಿನೆಂಟು ಲಕ್ಷದ ಕಾರಿಗೂ ಎತ್ತಣಿಂದೆತ್ತ ಸಂಬಂಧ?

ಸಂಬಂಧ ಇದೆ, ಒಂದಲ್ಲ, ಮೂರು ಬಗೆಯಲ್ಲಿ ಇದೆ. ನಮ್ಮವರ ಮಕ್ಕಳಲ್ಲಿ ಅನೇಕರು ಇಂದು ಟೂರಿಸ್ಟ್ ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುತ್ತಿದ್ದಾರೆ. ಕಾರಿನ ಕಂತು ಅವರ ಕೊರಳಲ್ಲಿದೆ. ಗಲ್ಲಾದ ಹಿಂದೆ ಕುಳಿತು ನಾಲ್ಕು ಕಾಸು ಕಂಡ ಕೆಲವರು ಮನೆಗೊಂದು ಕಾರು ತರುವ ಯೋಚನೆಯಲ್ಲಿದ್ದಾರೆ. ಇನ್ನು ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಾರಿನ ಬಾಗಿಲನ್ನೇ ಮುಟ್ಟದವನ ಜೇಬಿನಿಂದಲೂ ಈ ಕಾರಿಗೆ ಹಣ ಹರಿಯುವ ಕಾಲುವೆಯನ್ನು ಸರಕಾರಗಳು ತೋಡಿವೆ, ಇನ್ನೂ ತೋಡಬೇಕೆಂಬ ಒತ್ತಾಯವೂ ಇದೆ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೈಬ್ರಿಡ್ ಯಂತ್ರ ಒಳ್ಳೆಯದು. ಅದರ ಹೆಚ್ಚಿನ ಬೆಲೆ ಬಹುಮಂದಿಗೆ ಒಳ್ಳೆಯದಲ್ಲ. ಆ ಬೆಲೆಯನ್ನು ಸಾರ್ವಜನಿಕರ ಹಣದಿಂದ ತಗ್ಗಿಸುವುದಂತೂ ಅನ್ಯಾಯ.

ಯಂತ್ರವನ್ನು ನಾವು ಹಳಿಯುವುದಿಲ್ಲ

‘ಹೈಬ್ರಿಡ್’ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕಡೆಯಿಂದ ಬಂದವರು ಊರ ಹೊಲದಲ್ಲಿ ಹೈಬ್ರಿಡ್ ಜೋಳ ಕಂಡವರೇ. 1960ರ ದಶಕದಲ್ಲಿ ಆ ಬೀಜ ಬಂತು. ನೀರು, ಗೊಬ್ಬರ, ಔಷಧ ಹೊಂದಿಸಬಲ್ಲವನಿಗೆ ಕಣ ತುಂಬಿತು. ಮಳೆಯನ್ನೇ ನಂಬಿದವನಿಗೆ ಎಷ್ಟೋ ಸಲ ಬೀಜದ ಸಾಲವೇ ಉಳಿಯಿತು. ಬೀಜ ಕೆಟ್ಟದ್ದಾಗಿರಲಿಲ್ಲ, ಬೀಜಕ್ಕೆ ಬೇಕಾದುದು ಹೊಲದಲ್ಲಿ ಇರಬೇಕಾಗಿತ್ತು. ಹೈಬ್ರಿಡ್ ಕಾರಿಗೆ ಬೇಕಾದ ನೀರು ಗೊಬ್ಬರ ಯಾವುದೆಂದರೆ ಓಟ. ಓಡಿದಷ್ಟೂ ಫಲ, ನಿಂತಷ್ಟೂ ನಷ್ಟ.

ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ನಮ್ಮವರಿಗೆ ತಿಳಿಸುವುದು ಸುಲಭ. ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ದೋಸೆ ಕಾವಲಿಯ ಕೆಳಗೆ ಉರಿ ಹಾಗೆಯೇ ಬಿಟ್ಟರೆ ಮಾಲಕರು ಏನೆನ್ನುತ್ತಾರೆ? ಮಾಮೂಲು ಪೆಟ್ರೋಲ್ ಕಾರು ದಾದರಿನ ಸಿಗ್ನಲಿನಲ್ಲಿ ನಿಂತು ಮಾಡುವುದು ಅದನ್ನೇ: ಚಕ್ರ ತಿರುಗುವುದಿಲ್ಲ, ಉರಿ ಆರುವುದಿಲ್ಲ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಯಂತ್ರದ ಜೊತೆಗೆ ವಿದ್ಯುತ್ ಮೋಟಾರು, ಬ್ಯಾಟರಿ ಇರುತ್ತವೆ. ನಿಂತಾಗ ಪೆಟ್ರೋಲ್ ಯಂತ್ರ ಆರಿಹೋಗುತ್ತದೆ. ಮೆಲ್ಲಗೆ ಹೊರಡುವಾಗ ಮೋಟಾರು ತಳ್ಳುತ್ತದೆ. ಬ್ರೇಕ್ ಹಾಕಿದಾಗ ಸುಮ್ಮನೆ ಶಾಖವಾಗಿ ಹೋಗುವ ಬಲದಲ್ಲಿ ಒಂದು ಪಾಲನ್ನು ಹಿಡಿದು ಬ್ಯಾಟರಿಗೆ ತುಂಬುತ್ತದೆ. ಗಿರಣಿಯಲ್ಲಿ ಕೆಳಗೆ ಬಿದ್ದ ಹತ್ತಿಯನ್ನು ಗುಡಿಸಿ ಮತ್ತೆ ನೂಲುತ್ತಿದ್ದರಲ್ಲ, ಅದೇ ಉಪಾಯ.

ಆದರೆ ಒಂದು ಮಾತು ನೆನಪಿರಲಿ. ಮನೆಯ ಪ್ಲಗ್ಗಿಗೆ ಜೋಡಿಸದ ಇಂಥ ಕಾರಿನ ಬ್ಯಾಟರಿ ಚಿಕ್ಕದು. 2022ರಲ್ಲಿ ಮಾರುಕಟ್ಟೆಗೆ ಬಂದ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ಡಿನ ಬ್ಯಾಟರಿಯಲ್ಲಿ ಹಿಡಿಸುವುದು ಲೈಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಯೂನಿಟ್. ಕೊನೆಗೆ ಎಲ್ಲ ಬಲವೂ ಪೆಟ್ರೋಲಿನಿಂದಲೇ ಬರಬೇಕು. ಸಂದಣಿಯ ಊರಿನಲ್ಲಿ, ನಿಂತು ಹೊರಡುವ ಓಟದಲ್ಲಿ ಲಾಭ ಬಹಳ. ಪುಣೆಯ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಲಾಭ ಕಡಿಮೆ. ವರ್ಷಕ್ಕೊಮ್ಮೆ ಊರ ಜಾತ್ರೆಗೆ ಕಾರಿನಲ್ಲಿ ಹೋಗುವ ಆಸೆಯಿಂದ ಹೈಬ್ರಿಡ್ ಕೊಳ್ಳುವವರು ಇದನ್ನು ಮೊದಲು ಯೋಚಿಸಲಿ.

ಹೆಸರಿನ ವ್ಯಾಪಾರ

ಟೊಯೋಟಾದವರು ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಜಪಾನಿನಲ್ಲಿ ಮಾರಾಟಕ್ಕೆ ಇಟ್ಟದ್ದು 1997ರ ಡಿಸೆಂಬರಿನಲ್ಲಿ. ನಮ್ಮ ದೇಶದಲ್ಲಿ ಹೋಂಡಾದವರು 2008ರಲ್ಲಿ ಸಿವಿಕ್ ಹೈಬ್ರಿಡ್ ತಂದರು. ಇಡೀ ಕಾರನ್ನು ಹೊರದೇಶದಿಂದ ತರಿಸಿ 21 ಲಕ್ಷ 50 ಸಾವಿರ ಎಂದು ಬೆಲೆ ಕಟ್ಟಿದರು. ಕೊಳ್ಳುವವರು ಮುಂದೆ ಬರಲಿಲ್ಲ. ಅದೇ ವರ್ಷ ಸುಮಾರು 8 ಲಕ್ಷ ಇಳಿಸಿದರು. ಆಮೇಲೆ ಕಾರುಗಳು ಹೋದವು. ಹೈಬ್ರಿಡ್ ಎಂಬ ಹೆಸರಿಗೆ ಜನ ಎಷ್ಟು ಹಣ ಕೊಡುತ್ತಾರೆ, ಎಷ್ಟು ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಮೇಲೆ ಹೆಸರನ್ನೇ ಅಗ್ಗ ಮಾಡಿದರು. ‘ಮೈಲ್ಡ್ ಹೈಬ್ರಿಡ್’ ಎಂಬುದೊಂದು ಬಂತು. ಇದರಲ್ಲಿ ಮೋಟಾರು ಪೆಟ್ರೋಲ್ ಯಂತ್ರಕ್ಕೆ ಸ್ವಲ್ಪ ಕೈಯಾಸರೆ ಕೊಡುತ್ತದೆ, ಅಷ್ಟೆ. ತಾನೊಂದೇ ಕಾರನ್ನು ಎಳೆಯಲಾರದು. ಬೋರ್ಡಿನಲ್ಲಿ ತುಪ್ಪದ ದೋಸೆ ಎಂದು ಬರೆದು ಕಾವಲಿಯ ಮೇಲೆ ನಾಲ್ಕು ಹನಿ ತುಪ್ಪ ಚಿಮುಕಿಸಿದ ಹಾಗೆ. 2015ರ ಏಪ್ರಿಲಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಫೇಮ್ ಯೋಜನೆಯಲ್ಲಿ ಇಂಥ ಕಾರುಗಳಿಗೂ ಸುಮಾರು 13 ಸಾವಿರ ರೂಪಾಯಿಯ ಸಹಾಯಧನ ಸಿಗುತ್ತಿತ್ತು. ಎರಡು ವರ್ಷವಾದ ಮೇಲೆ, 2017ರ ಏಪ್ರಿಲಿನಿಂದ, ಸರಕಾರವೇ ಅದನ್ನು ಕಿತ್ತುಹಾಕಿತು. ಕೊಟ್ಟ ಹಣ ಬೊಕ್ಕಸಕ್ಕೆ ಮರಳಿ ಬರಲಿಲ್ಲ. ಇಂದಿಗೂ ಅಂಗಡಿಯವನು ‘ಹೈಬ್ರಿಡ್’ ಎಂದರೆ ನಮ್ಮವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ರೋಲ್ ಯಂತ್ರ ಆರಿಸಿ ಬರೇ ಮೋಟಾರಿನ ಮೇಲೆ ಈ ಕಾರು ಹೋದೀತೇ?

ವಹಿ ತೆರೆದು ನೋಡೋಣ

ಈಗ ಜಮಾ-ಖರ್ಚಿಗೆ ಬರೋಣ. ಅದೇ ಗ್ರ್ಯಾಂಡ್ ವಿಟಾರಾವನ್ನು ತೆಗೆದುಕೊಳ್ಳೋಣ. ಏಕೆಂದರೆ ಒಂದೇ ಕಾರಿನಲ್ಲಿ ಮೂರು ಬಗೆ ದೊರೆಯಿತು. 2022ರ ಸೆಪ್ಟೆಂಬರಿನ ಶೋರೂಮ್ ಬೆಲೆಯಂತೆ, ಸರಿಸುಮಾರು ಒಂದೇ ಅಂತಸ್ತಿನ ಎರಡು ಕಾರುಗಳಲ್ಲಿ ತಾನಾಗಿ ಗೇರ್ ಬದಲಿಸುವ ಮಾಮೂಲು ಕಾರಿಗೆ 15 ಲಕ್ಷ 39 ಸಾವಿರ, ಪೂರ್ಣ ಹೈಬ್ರಿಡ್ಡಿಗೆ 17 ಲಕ್ಷ 99 ಸಾವಿರ. ಅಂತರ 2 ಲಕ್ಷ 60 ಸಾವಿರ. ಬೆಲೆಗಳು ಆಮೇಲೆ ಏರಿಳಿದಿವೆ. ಕೊಳ್ಳುವವರು ಈಗಿನ ಅಂತರ ಕೇಳಿಕೊಂಡು ನಾವು ಮಾಡಿದಂತೆಯೇ ಭಾಗಿಸಿ ನೋಡಲಿ.

ನಾವು ಹೈಬ್ರಿಡ್ಡಿನ ಪಕ್ಷ ವಹಿಸಿಯೇ ಲೆಕ್ಕ ಮಾಡುತ್ತೇವೆ. ಕಂಪನಿ ಹೇಳಿದ ಮೈಲೇಜು ಹೈಬ್ರಿಡ್ಡಿಗೆ ಲೀಟರಿಗೆ 27.97 ಕಿ.ಮೀ.; ಮಾಮೂಲಿನದಕ್ಕೆ 20ರ ಮೇಲೆ. ಆದರೆ ಮುಂಬಯಿಯ ಸಂದಣಿಯಲ್ಲಿ ಎರಡೂ ಇಳಿಯುತ್ತವೆ, ಮಾಮೂಲಿನದು ಇನ್ನೂ ಹೆಚ್ಚು ಇಳಿಯುತ್ತದೆ. ಆದುದರಿಂದ ಮಾಮೂಲಿನದಕ್ಕೆ 12, ಹೈಬ್ರಿಡ್ಡಿಗೆ 21 ಎಂದು ಹಿಡಿಯೋಣ. ಪೆಟ್ರೋಲ್ ಲೀಟರಿಗೆ 105 ರೂಪಾಯಿ ಎಂದು ಹಿಡಿಯೋಣ. ಆಗ ಮಾಮೂಲು ಕಾರಿಗೆ ಕಿ.ಮೀ.ಗೆ 8 ರೂಪಾಯಿ 75 ಪೈಸೆ, ಹೈಬ್ರಿಡ್ಡಿಗೆ 5 ರೂಪಾಯಿ. ಉಳಿತಾಯ ಕಿ.ಮೀ.ಗೆ 3 ರೂಪಾಯಿ 75 ಪೈಸೆ. ದೊಡ್ಡ ಉಳಿತಾಯವೇ, ಅಲ್ಲವೆನ್ನುವುದಿಲ್ಲ.

ಆದರೆ 2 ಲಕ್ಷ 60 ಸಾವಿರವನ್ನು ಈ 3.75ರಿಂದ ಭಾಗಿಸಿ. 69 ಸಾವಿರ ಕಿ.ಮೀ.ಗೂ ಹೆಚ್ಚು ಓಡಿದ ಮೇಲೆ ಕೊಟ್ಟ ಹಣ ಕೈಗೆ ಬಂದೀತು. ಮನೆಯ ಕಾರು ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿದರೆ ಅದಕ್ಕೆ ಸುಮಾರು ಏಳು ವರ್ಷ. ಇದು ಬಡ್ಡಿ ಇಲ್ಲದ ಲೆಕ್ಕ. ಬಡ್ಡಿ ಇಲ್ಲದ ಹಣ ಈ ಲೋಕದಲ್ಲಿ ಎಲ್ಲಿದೆ?

ಆ ಹಣವನ್ನು ಸಾಲ ತಂದರೆ ಏನಾಗುತ್ತದೆ ನೋಡಿ. ಶೇಕಡಾ 10ರ ಬಡ್ಡಿ, ಐದು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 5,520 ರೂಪಾಯಿ. ಕೊನೆಗೆ ಕಟ್ಟಿದ್ದು 3 ಲಕ್ಷ 31 ಸಾವಿರ. ಆಗ ಹಣ ಮರಳಲು 88 ಸಾವಿರ ಕಿ.ಮೀ. ಬೇಕು, ಮನೆಯ ಕಾರಿಗೆ ಸುಮಾರು ಒಂಬತ್ತು ವರ್ಷ. ಈ ಕಾರಿನ ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ಭರವಸೆ ಎಂಟು ವರ್ಷ ಅಥವಾ 1 ಲಕ್ಷ 60 ಸಾವಿರ ಕಿ.ಮೀ., ಯಾವುದು ಮೊದಲೋ ಅದು. ಎಂದರೆ ಲಾಭದ ಮೊದಲ ಪೈಸೆ ಕಾಣುವ ಹೊತ್ತಿಗೆ ಭರವಸೆಯ ಕಾಗದ ಮುಗಿದಿರುತ್ತದೆ!

ಸಾಲ ಬೇಡ, ಕೈಯಲ್ಲಿ ಹಣವಿದೆ ಎನ್ನುವವರಿಗೂ ಒಂದು ಮಾತು. ಅದೇ 2 ಲಕ್ಷ 60 ಸಾವಿರವನ್ನು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ವರ್ಷಕ್ಕೆ 18,200 ರೂಪಾಯಿ ಬಡ್ಡಿ. ಹೈಬ್ರಿಡ್ ಉಳಿಸಿಕೊಡುವುದು 37,500. ಉಳಿತಾಯದ ಅರ್ಧ ಪಾಲು, ಕಳೆದುಕೊಂಡ ಬಡ್ಡಿಗೇ ಸರಿಹೋಯಿತು. ಈ ಬಡ್ಡಿಯನ್ನೂ ಹಿಡಿದರೆ ಹಣ ತಿರುಗಿ ಬರಲು ಹತ್ತು ವರ್ಷದ ಹತ್ತಿರ. ಬೆಲೆ ಹೆಚ್ಚಿದಷ್ಟು ವಿಮೆ, ನೋಂದಣಿ ತೆರಿಗೆ ಎರಡೂ ಏರುವುದನ್ನು ನಾವು ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಟ್ಯಾಕ್ಸಿಯವನ ಲೆಕ್ಕ ಬೇರೆ

ಹೆಚ್ಚು ಓಡುವವನಿಗೆ ಲಾಭ ಎಂದೆವಲ್ಲ. ಹಾಗಾದರೆ ಟ್ಯಾಕ್ಸಿ ಓಡಿಸುವ ನಮ್ಮ ಹುಡುಗರಿಗೆ ಇದು ಒಳ್ಳೆಯದಲ್ಲವೇ? ವರ್ಷಕ್ಕೆ 40 ಸಾವಿರ ಕಿ.ಮೀ. ಓಡಿಸಿದರೆ 1 ಲಕ್ಷ 50 ಸಾವಿರ ಉಳಿಯುತ್ತದೆ. ಎರಡು ವರ್ಷದೊಳಗೆ ಹೆಚ್ಚಿನ ಬೆಲೆ ತೀರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಇದು ನಿಜ.

ಆದರೆ ಮುಂಬಯಿಯ ಟ್ಯಾಕ್ಸಿಯವನು ಪೆಟ್ರೋಲಿನಲ್ಲಿ ಓಡುವುದೆಲ್ಲಿ? ಈ ಶತಮಾನದ ಆರಂಭದಲ್ಲಿ ಹೈಕೋರ್ಟಿನ ಆಜ್ಞೆ ಬಂದಂದಿನಿಂದ ಇಲ್ಲಿನ ಕಪ್ಪು-ಹಳದಿ ಟ್ಯಾಕ್ಸಿ ಸಿಎನ್‌ಜಿ ಗ್ಯಾಸಿಗೆ ತಿರುಗಿತು. ಅದೇ ಗ್ರ್ಯಾಂಡ್ ವಿಟಾರಾ 2023ರ ಜನವರಿಯಲ್ಲಿ ಸಿಎನ್‌ಜಿಯಲ್ಲಿಯೂ ಬಂತು. ಕೈಯಿಂದ ಗೇರ್ ಹಾಕುವ ಪೆಟ್ರೋಲ್ ಕಾರಿಗಿಂತ ಅದಕ್ಕೆ 95 ಸಾವಿರ ಹೆಚ್ಚು. ಗ್ಯಾಸ್ ಕಿಲೋಗೆ 80 ರೂಪಾಯಿ, ಊರೊಳಗೆ ಕಿಲೋಗೆ 16 ಕಿ.ಮೀ. ಎಂದು ಹಿಡಿದರೆ ಕಿ.ಮೀ.ಗೆ 5 ರೂಪಾಯಿಯೇ ಆಯಿತು. ಹೈಬ್ರಿಡ್ಡಿಗೂ 5, ಗ್ಯಾಸಿಗೂ 5. ಒಂದಕ್ಕೆ ಮುಂಗಡ ಕೊಡುವುದು 2 ಲಕ್ಷ 60 ಸಾವಿರ, ಇನ್ನೊಂದಕ್ಕೆ 95 ಸಾವಿರ. ನಡುವಣ 1 ಲಕ್ಷ 65 ಸಾವಿರಕ್ಕೆ ಐದು ವರ್ಷ ತಿಂಗಳಿಗೆ ಮೂರೂವರೆ ಸಾವಿರ ಕಂತು. ಯಾವ ಲಾಭಕ್ಕಾಗಿ ಆ ಹುಡುಗ ಅದನ್ನು ಕಟ್ಟಬೇಕು? ಆ ಮೂರೂವರೆ ಸಾವಿರದಲ್ಲಿ ಅವನ ಮನೆಯ ಲೈಟ್ ಬಿಲ್ಲು, ಅಡಿಗೆಯ ಗ್ಯಾಸು ತೀರಿ ಮಗುವಿನ ಪುಸ್ತಕಕ್ಕೂ ಉಳಿದೀತು.

ಗ್ಯಾಸಿನಲ್ಲಿಯೂ ಕಷ್ಟವಿದೆ, ಮುಚ್ಚಿಡುವುದಿಲ್ಲ. ಪಂಪಿನ ಮುಂದೆ ಸಾಲು. ಡಿಕ್ಕಿಯ ಜಾಗವನ್ನು ಸಿಲಿಂಡರು ನುಂಗುತ್ತದೆ. 2025ರ ನವೆಂಬರಿನಲ್ಲಿ ಟ್ರಾಂಬೆಯ ಬಳಿ ಗ್ಯಾಸಿನ ಮುಖ್ಯ ಕೊಳವೆಗೆ ಹಾನಿಯಾದಾಗ ಮುಂಬಯಿಯ ರಿಕ್ಷಾ, ಟ್ಯಾಕ್ಸಿಗಳು ಪಂಪುಗಳ ಮುಂದೆ ಗಂಟೆಗಟ್ಟಲೆ ಕಾದವು. ದಿನಕ್ಕೆ ಒಂದು ಗಂಟೆ ಸಾಲಿನಲ್ಲಿ ಕಳೆಯುವವನಿಗೆ ಆ ಗಂಟೆಯ ದುಡಿಮೆಯೂ ಖರ್ಚೇ. ಆದರೆ ಇದಕ್ಕೆ ಔಷಧ ಪಂಪುಗಳನ್ನು ಹೆಚ್ಚಿಸುವುದು. ಚಾಲಕನ ತಲೆಗೆ ಇನ್ನೊಂದು ಸಾಲ ಕಟ್ಟುವುದಲ್ಲ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ದೇಶದಲ್ಲಿ ಪೂರ್ಣ ಹೈಬ್ರಿಡ್ ಬಂದದ್ದು ಎಂಥ ಕಾರುಗಳಲ್ಲಿ? ಕ್ಯಾಮ್ರಿ, ಹೋಂಡಾ ಸಿಟಿ, ಇನ್ನೋವಾ ಹೈಕ್ರಾಸ್, ಇನ್ವಿಕ್ಟೋ. ಎಲ್ಲವೂ ಹಣವಂತರ ಕಾರುಗಳು. ಇವುಗಳಲ್ಲಿ ಎಷ್ಟೋ ಕಾರುಗಳು ದಿನದ ಬಹುಪಾಲು ಕಚೇರಿಯ ನೆಲಮಾಳಿಗೆಯಲ್ಲಿಯೋ, ಫೀನಿಕ್ಸ್ ಗಿರಣಿಯಂಥ ಗಿರಣಿಗಳ ಜಾಗದಲ್ಲಿ ಎದ್ದ ಮಾಲುಗಳ ಪಾರ್ಕಿಂಗಿನಲ್ಲಿಯೋ ನಿಂತಿರುತ್ತವೆ. ದಿನವಿಡೀ ಓಡುವವನ ಕೈಗೆ ಎಟುಕದ ಬೆಲೆಯಲ್ಲಿ, ದಿನವಿಡೀ ನಿಲ್ಲುವವನಿಗೆ ಇಂಧನ ಉಳಿಸುವ ಯಂತ್ರ ಕೊಡುವುದು ಯಾವ ಜಾಣತನ?

ಎದುರಾಳಿಗಳ ಮಾತು

ಹೈಬ್ರಿಡ್ಡಿನ ಪರ ವಾದಿಸುವವರು ಹೇಳುವುದನ್ನೂ ಕೇಳೋಣ. ಗಾಳಿ ಸ್ವಚ್ಛವಾಗುತ್ತದೆ, ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿರುವಾಗ ಉಳಿಸಿದ ಪ್ರತಿ ಲೀಟರೂ ದೇಶಸೇವೆ ಎನ್ನುತ್ತಾರೆ. ಒಪ್ಪಿದೆವು. ವರ್ಷಕ್ಕೆ 10 ಸಾವಿರ ಕಿ.ಮೀ. ಓಡುವ ಕಾರಿನಲ್ಲಿ ಸುಮಾರು 350 ಲೀಟರು ಉಳಿದೀತು. ಆದರೆ ನಾಲ್ವರ ಕಾರಿನಲ್ಲಿ ಒಬ್ಬನೇ ಕುಳಿತು ಹೋಗುವುದು ದೇಶಸೇವೆಯಾದರೆ, ಬಸ್ಸಿನಲ್ಲಿ ಐವತ್ತು ಮಂದಿ ನಿಂತು ಹೋಗುವುದಕ್ಕೆ ಏನೆನ್ನಬೇಕು?

ಮಾರುವಾಗ ಹೆಚ್ಚು ಬೆಲೆ ಬರುತ್ತದೆ ಎನ್ನುತ್ತಾರೆ. ಬಂದರೆ ಬರಲಿ. ಭರವಸೆ ಮುಗಿದ ಬ್ಯಾಟರಿಯ ಕಾರಿಗೆ ಕೊಳ್ಳುವವನು ಚೌಕಾಸಿ ಮಾಡದೆ ಹಣ ಎಣಿಸುತ್ತಾನೆಂದು ನಂಬಿ ಇಂದು ಸಾಲ ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಇನ್ನು ಕನ್ನಡಿಗರ ಅಭಿಮಾನವನ್ನು ಕೆರಳಿಸುವ ಒಂದು ಮಾತಿದೆ: 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗತೊಡಗಿದ್ದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ. ಬಿಡದಿಯ ಕಾರ್ಮಿಕನ ಕೈಗುಣದ ಬಗ್ಗೆ ನಮಗೂ ಹೆಮ್ಮೆ ಇದೆ. ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಲಾಕೌಟ್ ಘೋಷಣೆಯಾದದ್ದೂ, ಕೆಲಸದ ಹೊರೆಯನ್ನು ವಿರೋಧಿಸಿ ಕಾರ್ಮಿಕರು ಬೀದಿಯಲ್ಲಿ ಕುಳಿತದ್ದೂ ನಮಗೆ ನೆನಪಿದೆ. ಕಾರ್ಮಿಕನ ಮೇಲಿನ ಅಭಿಮಾನವನ್ನು ತೋರಿಸುವ ದಾರಿ ಅವನ ಹೋರಾಟಕ್ಕೆ ಬೆಂಬಲ ಕೊಡುವುದು. ಕಂಪನಿಗೆ 2 ಲಕ್ಷ 60 ಸಾವಿರ ಹೆಚ್ಚು ಎಣಿಸುವುದಲ್ಲ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಈಗ ಅಸಲು ಸಂಗತಿಗೆ ಬರುತ್ತೇವೆ. ಹಣವಿದ್ದವನು ತನ್ನ ಹಣದಲ್ಲಿ ಹೈಬ್ರಿಡ್ ಕೊಂಡರೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಇರುವುದು ಅವನ ಹೆಚ್ಚಿನ ಬೆಲೆಯನ್ನು ಊರವರೆಲ್ಲ ಸೇರಿ ಹೊರಬೇಕೆಂಬ ನೀತಿಯ ಮೇಲೆ.

2024ರ ಜುಲೈಯಲ್ಲಿ ಉತ್ತರ ಪ್ರದೇಶ ಸರಕಾರ ಪೂರ್ಣ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಪೂರ್ತಿ ಮನ್ನಾ ಮಾಡಿತು. ಅಲ್ಲಿ 10 ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಆ ತೆರಿಗೆ ಶೇಕಡಾ 10 ಇತ್ತು. ಎಂದರೆ 18 ಲಕ್ಷದ ಕಾರು ಕೊಂಡವನಿಗೆ ಬೊಕ್ಕಸದಿಂದ 1 ಲಕ್ಷ 80 ಸಾವಿರದ ಉಡುಗೊರೆ. ಕಾರು ದೊಡ್ಡದಾದಷ್ಟೂ ಉಡುಗೊರೆ ದೊಡ್ಡದು! ಬಡವನಿಗೆ ಕೊಡುವಾಗ ಮಿತಿ ಹಾಕುತ್ತಾರೆ. ಇಲ್ಲಿ ಬೆಲೆ ಏರಿದಂತೆ ದಾನವೂ ಏರಿತು.

ಕೇಂದ್ರದ ಜಿಎಸ್‌ಟಿಯ ವಿಷಯದಲ್ಲಿಯೂ ಕೂಗು ಎದ್ದಿತ್ತು. 2017ರ ಜುಲೈಯಿಂದ ಹೆಚ್ಚಿನ ಹೈಬ್ರಿಡ್ ಕಾರುಗಳಿಗೆ ಸೆಸ್ ಸೇರಿ ಶೇಕಡಾ 43 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆಲ್ಲ, ಹೈಬ್ರಿಡ್ ಇರಲಿ ಇಲ್ಲದಿರಲಿ, ಶೇಕಡಾ 40 ಆಯಿತು. ಚಿಕ್ಕ ಪೆಟ್ರೋಲ್, ಸಿಎನ್‌ಜಿ ಕಾರುಗಳಿಗೆ ಶೇಕಡಾ 18; ಬರೇ ವಿದ್ಯುತ್ತಿನಲ್ಲಿ ಓಡುವ ಕಾರುಗಳಿಗೆ ಶೇಕಡಾ 5. ದೊಡ್ಡ ಹೈಬ್ರಿಡ್ಡಿಗೆ ಇನ್ನೂ ಇಳಿಸಿರೆಂದು ಕೇಳುವವರಿಗೆ ನಮ್ಮ ಉತ್ತರ ಸರಳ: ಇಳಿಸುವ ಮನಸ್ಸಿದ್ದರೆ ದಿನಕ್ಕೆ ನೂರಾರು ಮಂದಿಯನ್ನು ಹೊರುವ ವಾಹನದಿಂದ ಆರಂಭಿಸಿ.

ಆ ವಾಹನದ ಗತಿ ನಮ್ಮ ಊರಿನಲ್ಲಿ ಏನಾಗಿದೆ? ಬೆಸ್ಟ್ ಸಂಸ್ಥೆಯ ಸ್ವಂತ ಬಸ್ಸುಗಳು ವರ್ಷದಿಂದ ವರ್ಷಕ್ಕೆ ಕರಗಿವೆ. 2025ರ ಮೇ 9ರಿಂದ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ, ಎಸಿ ಬಸ್ಸಿನಲ್ಲಿ 6ರಿಂದ 12ಕ್ಕೆ ಏರಿತು. ಒಮ್ಮೆಲೇ ಇಮ್ಮಡಿ! ರಾತ್ರಿ ಹೋಟೆಲ್ ತೊಳೆದು ಹೊರಡುವ ನಮ್ಮ ಹುಡುಗ ಹೋಗಿ ಬರುವುದಕ್ಕೆ ದಿನಕ್ಕೆ 10 ರೂಪಾಯಿ ಹೆಚ್ಚು ಕೊಟ್ಟರೆ ತಿಂಗಳಿಗೆ 300 ರೂಪಾಯಿ ಹೋಯಿತು. ಲಖನೌವಿನ ಸರಕಾರ ಬೇರೆ, ಮುಂಬಯಿಯ ಬಸ್ ಆಡಳಿತ ಬೇರೆ. ಅದು ನಮಗೂ ಗೊತ್ತು. ಆದರೆ ಬುದ್ಧಿ ಒಂದೇ. ಕಾರಿನವನಿಗೆ ‘ಪ್ರೋತ್ಸಾಹ’, ಬಸ್ಸಿನವನಿಗೆ ‘ಅನಿವಾರ್ಯ ದರ ಏರಿಕೆ’. ಒಂದೇ ಬೊಕ್ಕಸದ ಭಾಷೆಯಲ್ಲಿ ಎರಡು ನಿಘಂಟುಗಳು!

ನಾವು ಹೇಳುವುದಿಷ್ಟು

ಬಂಧುಗಳೇ, ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಕಿ.ಮೀ. ಊರೊಳಗೇ ಓಡುವವನು, ಹತ್ತಿರದಲ್ಲಿ ಗ್ಯಾಸ್ ಸಿಗದವನು, ಸಾಲವಿಲ್ಲದೆ ಕೊಳ್ಳಬಲ್ಲವನು, ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವವನು ಹೈಬ್ರಿಡ್ ಕೊಳ್ಳಲಿ. ಅವನಿಗೆ ಅದು ತಕ್ಕ ಬೆಲೆಯೇ. ಅಂಥವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಉಳಿದವರು ನೆರೆಯವನು ಕೊಂಡನೆಂದು, ಬೋನೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರವಿದೆಯೆಂದು ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಅಂತರವನ್ನು ಕೇಳಿ, ಕಿ.ಮೀ.ಗೆ ಉಳಿಯುವುದರಿಂದ ಭಾಗಿಸಿ, ಬಡ್ಡಿ ಸೇರಿಸಿ. ಲೆಕ್ಕ ಬಾರದಿದ್ದರೆ ರಾತ್ರಿ ಶಾಲೆಯಲ್ಲಿ ಓದಿದ ನಿಮ್ಮ ಜೊತೆಗಾರನನ್ನು ಕೇಳಿ; ಐದು ನಿಮಿಷದ ಕೆಲಸ.

ಸರಕಾರಗಳಿಗೆ ನಮ್ಮ ಒತ್ತಾಯ ಮೂರು. ಖಾಸಗಿ ಕಾರಿಗೆ, ಅದು ಯಾವ ಬಗೆಯದೇ ಇರಲಿ, ಬೆಲೆ ಏರಿದಂತೆ ಏರುವ ರಿಯಾಯಿತಿ ನಿಲ್ಲಲಿ. ಇಂಧನ ಉಳಿಸುವುದಕ್ಕೆ ಹಣ ಕೊಡುವುದಾದರೆ ಪರವಾನಗಿ ಪಡೆದು ಬಾಡಿಗೆಗೆ ಓಡುವ ಚಿಕ್ಕ ಟ್ಯಾಕ್ಸಿಗೆ, ಕಡಿಮೆ ಬಡ್ಡಿಯ ಸಾಲದ ರೂಪದಲ್ಲಿ ಕೊಡಲಿ. ಎಲ್ಲಕ್ಕಿಂತ ಮೊದಲು ಬಸ್ಸುಗಳನ್ನು ಹೆಚ್ಚಿಸಲಿ, ಏರಿಸಿದ ದರವನ್ನು ಇಳಿಸಲಿ.

ಈ ಮೂರೂ ಆಗುವವರೆಗೆ ಹೈಬ್ರಿಡ್ ಕಾರನ್ನು ಬಡವರ ಗಾಳಿಯನ್ನು ಶುದ್ಧಮಾಡುವ ಪುಣ್ಯಕಾರ್ಯವೆಂದು ನಮ್ಮ ಮುಂದೆ ಯಾರೂ ಭಾಷಣ ಬಿಗಿಯದಿರಲಿ. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಆ ಗಾಳಿಯನ್ನು ಕುಡಿಯುವವರು ನಾವು.